ಗಿಟಾರ್ ಮಾಡಿಸಿದ ಹನ್ನೊಂದು ತಿಂಗಳು

ಕೈಯಲ್ಲಿ ಮಾಡಿದ ಗಿಟಾರ್ ಅಂತ ನಾನು ಮೊದಲು ಕೊಂಡದ್ದು ನೋಡೋಕೆ ತುಂಬ ಚೆನ್ನಾಗಿತ್ತು. ನಡುವಿನ ತೂತಿನ ಸುತ್ತ ಮುತ್ತುಚಿಪ್ಪಿನ ಕುಸುರಿ. ತಲೆಯ ಮೇಲೆ ಬಳ್ಳಿ. ಮುಖ ಕಾಣುವಷ್ಟು ಹೊಳೆಯುವ ಪಾಲಿಶ್. ಬೇರೆ ಊರಿನ ಸಣ್ಣ ತಯಾರಕರೊಬ್ಬರಿಂದ ಫೋಟೊ ನೋಡಿ ತರಿಸಿದ್ದೆ. ಡಬ್ಬ ಬಿಚ್ಚಿದ ದಿನ ಮನೆಯವರೆಲ್ಲ ಸುತ್ತ ಕೂತು ಸವರಿ ಸವರಿ ನೋಡಿದರು. ಮಾರನೇ ದಿನ ನಾನು ಬಾರಿಸುತ್ತಾ ಕೂತಿದ್ದಾಗ ಅಮ್ಮ ಅಡುಗೆಮನೆಯಿಂದಲೇ ಕೇಳಿದರು: "ಅಲ್ಲೇ, ಮೇಲಕ್ಕೆ ಹೋದ ಹಾಗೆಲ್ಲ ಶ್ರುತಿ ಏರ್ತಾ ಇದೆಯಲ್ಲೇ?"

ಅಮ್ಮ ನಲವತ್ತು ವರ್ಷ ವೀಣೆ ನುಡಿಸಿದವರು. ಈ ವಿಷಯದಲ್ಲಿ ಅವರ ಕಿವಿ ತಪ್ಪುವುದಿಲ್ಲ. ಟ್ಯೂನರ್ ಸಿಕ್ಕಿಸಿ ನೋಡಿದೆ. ಒತ್ತದೆ ಬಿಟ್ಟ ತಂತಿ ಸರಿಯಾಗಿತ್ತು. ಗಿಟಾರಿನ ಕತ್ತಿಗೆ ನೆಕ್ ಅನ್ನುತ್ತಾರೆ, ಅದರ ಮೇಲೆ ಅಡ್ಡ ಕೂರಿಸಿದ ಲೋಹದ ಎಳೆಗಳಿಗೆ ಫ್ರೆಟ್. 12ನೇ ಫ್ರೆಟ್ ಒತ್ತಿದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ ಬರಬೇಕು. ಬರುತ್ತಿದ್ದದ್ದು 10 ಸೆಂಟ್ ಜಾಸ್ತಿ. ಪಕ್ಕಪಕ್ಕದ ಎರಡು ಫ್ರೆಟ್ಟುಗಳ ಸ್ವರದ ಅಂತರಕ್ಕೆ 100 ಸೆಂಟ್ ಅಂತ ಲೆಕ್ಕ. ಅದರಲ್ಲಿ ಹತ್ತು ಅಂದರೆ ಕಮ್ಮಿ ಅನ್ನಿಸಬಹುದು. ಆದರೆ ಬಿಟ್ಟ ತಂತಿಯೊಂದು, ಮೇಲೆ ಒತ್ತಿದ ತಂತಿಯೊಂದು ಒಟ್ಟಿಗೆ ಮೀಟಿದರೆ ಹಲ್ಲು ಜುಮ್ಮೆನ್ನುತ್ತಿತ್ತು.

ಮಾಡಿದವರಿಗೆ ಫೋನ್ ಮಾಡಿದೆ. "ಹೊಸದಲ್ವಾ ಮೇಡಂ, ಬಾರಿಸ್ತಾ ಬಾರಿಸ್ತಾ ಸೆಟ್ ಆಗುತ್ತೆ" ಅಂದರು. ನಂಬಿಕೊಂಡು ಎರಡು ತಿಂಗಳು ಬಾರಿಸಿದೆ. ಏನೂ ಸೆಟ್ ಆಗಲಿಲ್ಲ. ಆಮೇಲೆ ಅವರು ಫೋನ್ ಎತ್ತುವುದನ್ನೇ ಬಿಟ್ಟರು.

ಆ ಗಿಟಾರ್ ಹೊತ್ತುಕೊಂಡು ಕೊನೆಗೆ ಹೋದದ್ದು ಕನಕಪುರ ರಸ್ತೆಯಿಂದ ಒಳಗಿರುವ ಎರಡು ಕೋಣೆಯ ಒಂದು ಶೆಡ್ಡಿಗೆ. ಅಲ್ಲಿ ಗಿಟಾರ್ ರಿಪೇರಿ ಮಾಡುವವರೊಬ್ಬರಿದ್ದಾರೆ ಅಂತ ಸ್ನೇಹಿತೆ ಹೇಳಿದ್ದಳು. ಐವತ್ತು ದಾಟಿದವರು. ಅವರ ತಂದೆ ಬಾಗಿಲು, ಕಿಟಕಿ, ಮಂಚ ಮಾಡುತ್ತಿದ್ದ ಮರಗೆಲಸದವರು. ನಾನು ಅವರನ್ನು ಮೇಸ್ತ್ರಿ ಅಂತಲೇ ಕರೆಯುತ್ತೇನೆ. ಹೆಸರು ಬರೆಯಬೇಡಿ ಅಂದಿದ್ದಾರೆ. ಈಗಿರುವ ಕೆಲಸವೇ ಮುಗಿಯುತ್ತಿಲ್ಲವಂತೆ.

ಅವರು ಕುಸುರಿಯ ಕಡೆ ನೋಡಲೇ ಇಲ್ಲ. ಉಕ್ಕಿನ ಸ್ಕೇಲ್ ತೆಗೆದು ನಟ್‌ನಿಂದ 12ನೇ ಫ್ರೆಟ್‌ವರೆಗೆ ಅಳೆದರು. ಆಮೇಲೆ ಅಲ್ಲಿಂದ ಸ್ಯಾಡಲ್‌ವರೆಗೆ. ನಟ್ ಅಂದರೆ ತಲೆಯ ಕಡೆ ತಂತಿ ಕೂರುವ ಮೂಳೆಯ ತುಂಡು. ಸ್ಯಾಡಲ್ ಅಂದರೆ ಹೊಟ್ಟೆಯ ಮೇಲೆ ಅಂಟಿಸಿದ ಮರದ ಪಟ್ಟಿ, ಅಂದರೆ ಬ್ರಿಡ್ಜ್‌ನಲ್ಲಿ ನಿಲ್ಲಿಸಿದ ಇನ್ನೊಂದು ತುಂಡು. ಈ ಎರಡು ಅಳತೆ ಹೆಚ್ಚುಕಮ್ಮಿ ಒಂದೇ ಇರಬೇಕು, ಎರಡನೆಯದು ಎರಡು ಮೂರು ಮಿಲಿಮೀಟರ್ ಉದ್ದ ಇರಬೇಕು. ಯಾಕೆಂದರೆ ತಂತಿಯನ್ನು ಒತ್ತಿದಾಗ ಅದು ಸ್ವಲ್ಪ ಬಿಗಿಯಾಗಿ ಸ್ವರ ಏರುತ್ತದೆ. ಆ ಏರಿಕೆಯನ್ನು ಸರಿದೂಗಿಸಲು ಉದ್ದ ಜಾಸ್ತಿ ಕೊಡುತ್ತಾರೆ. ನನ್ನ ಗಿಟಾರಿನಲ್ಲಿ ಅದು ಒಂದೂವರೆ ಮಿಲಿಮೀಟರ್ ಕಡಿಮೆಯೇ ಇತ್ತು. "ಬ್ರಿಡ್ಜ್ ನಾಲ್ಕು ಎಂಎಂ ಮುಂದೆ ಕೂತಿದೆ ಮೇಡಂ. ಬಿಚ್ಚಿ ಹಿಂದಕ್ಕೆ ಅಂಟಿಸ್ಬೇಕು. ಗುರುತು ಉಳಿಯುತ್ತೆ, ಪರವಾಗಿಲ್ವಾ?"

ಪರವಾಗಿಲ್ಲ ಅಂದೆ. ಬಿಸಿ ಮಾಡಿದ ತೆಳ್ಳನೆ ಅಲಗನ್ನು ಬ್ರಿಡ್ಜ್ ಕೆಳಗೆ ನಿಧಾನವಾಗಿ ತೂರಿಸಿ ಬಿಡಿಸಿದರು. ವಾರ ಬಿಟ್ಟು ಹೋದಾಗ ಶ್ರುತಿ ಸರಿಹೋಗಿತ್ತು. ಹೊಳಪಿನ ನಡುವೆ ಒಂದು ಮಂಕು ಗೆರೆ ಉಳಿದಿತ್ತು.

ಅವತ್ತು ಗೋಡೆಯ ಮೇಲೆ ಅವರೇ ಮಾಡಿದ ಮೂರು ಗಿಟಾರ್ ನೇತಾಡುತ್ತಿದ್ದವು. ಅಲಂಕಾರ ಏನೂ ಇಲ್ಲ. ಒಂದನ್ನು ತೆಗೆದು ಕೈಗೆ ಕೊಟ್ಟರು. ಎಫ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದೆ. ಗಿಟಾರ್ ಕಲಿತವರಿಗೆಲ್ಲ ಗೊತ್ತು, ಎಷ್ಟೋ ಜನ ಕೈಬಿಟ್ಟು ಎದ್ದುಹೋಗುವುದು ಅಲ್ಲೇ. ತೋರುಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲಿ ಒಟ್ಟಿಗೆ ಒತ್ತಬೇಕು. ಹನ್ನೆರಡು ವರ್ಷ ಬಾರಿಸಿದ ಮೇಲೂ ನನಗದು ಹೆಬ್ಬೆರಳಿನ ಬುಡ ನೋಯಿಸುತ್ತಿತ್ತು. ನನ್ನ ಕೈ ಚಿಕ್ಕದು, ಅದಕ್ಕೇ ಅಂತ ಅಂದುಕೊಂಡಿದ್ದೆ. ಅವರ ಗಿಟಾರಿನಲ್ಲಿ ಬೆರಳು ಇಟ್ಟಿದ್ದಷ್ಟೇ, ಆರೂ ತಂತಿ ಸ್ಪಷ್ಟವಾಗಿ ನುಡಿದವು. ನನಗೆ ಒಂದು ಕ್ಷಣ ಮಾತೇ ಬರಲಿಲ್ಲ. ಇಷ್ಟು ವರ್ಷ ಕೈಯದೇ ತಪ್ಪು ಅಂತ ಬೈದುಕೊಂಡಿದ್ದೆನಲ್ಲ.

"ನಟ್‌ನಲ್ಲಿ ಗೀರು ಆಳ ಸಾಲದಿದ್ರೆ ಹಾಗೇ ಆಗೋದು" ಅಂದರು. ನೋಡುವ ಕ್ರಮವನ್ನೂ ತೋರಿಸಿದರು. ಎರಡನೇ ಮತ್ತು ಮೂರನೇ ಫ್ರೆಟ್ ನಡುವೆ ತಂತಿ ಒತ್ತಿ ಹಿಡಿಯಿರಿ. ಈಗ ಮೊದಲನೇ ಫ್ರೆಟ್ ಮೇಲೆ ತಂತಿಗೂ ಲೋಹಕ್ಕೂ ನಡುವೆ ಕೂದಲೆಳೆಯಷ್ಟೇ ಬೆಳಕು ಕಾಣಬೇಕು. ಜಾಸ್ತಿ ಕಂಡರೆ ಗೀರು ಮೇಲಿದೆ. ಬೆಳಕೇ ಇಲ್ಲದೆ ತಂತಿ ಫ್ರೆಟ್ಟಿಗೆ ಕೂತುಬಿಟ್ಟರೆ ಗೀರು ಆಳ ಹೆಚ್ಚಾಗಿದೆ, ಬಿಟ್ಟ ತಂತಿ ಝರ್ ಅನ್ನುತ್ತದೆ. ನಾನು ನೋಡಿದ ಫ್ಯಾಕ್ಟರಿ ಗಿಟಾರುಗಳಲ್ಲಿ ಬಹುಪಾಲು ಇದನ್ನು ಮೇಲೆಯೇ ಬಿಟ್ಟಿರುತ್ತಾರೆ. ಝರ್ ಅಂದರೆ ಗಿರಾಕಿ ಅಂಗಡಿಗೆ ವಾಪಸ್ ತರುತ್ತಾರೆ. ಬೆರಳು ನೋಯುತ್ತದೆ ಅಂತ ಯಾರೂ ವಾಪಸ್ ತರುವುದಿಲ್ಲ.

2023ರ ಮಾರ್ಚಿನಲ್ಲಿ ಅವರಿಗೆ ಒಂದು ಗಿಟಾರ್ ಮಾಡಿಕೊಡಿ ಅಂತ ಕೇಳಿದೆ. ಅರ್ಧ ಹಣ ಮುಂಗಡ, ಉಳಿದದ್ದು ಕೈಗೆ ಬಂದಾಗ. ಒಟ್ಟು ಒಂದು ಲಕ್ಷ ದಾಟುತ್ತಿತ್ತು. ನಾಲ್ಕು ವರ್ಷ ಕೂಡಿಟ್ಟ ದುಡ್ಡು. ಒಂದು ಸಲ ಪೆಟ್ಟು ತಿಂದಿದ್ದರಿಂದ ಹೆದರಿಕೆ ಇತ್ತು, ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಮಧ್ಯೆ ಮಧ್ಯೆ ಬಂದು ನೋಡ್ತಾ ಇರಿ" ಅಂದರು.

ನಾನು ಮರಗಳ ಪಟ್ಟಿ ಬರೆದುಕೊಂಡು ಹೋಗಿದ್ದೆ. "ಮರ ಆಮೇಲೆ ನೋಡೋಣ ಮೇಡಂ, ಮೊದಲು ನೀವು ಬಾರಿಸಿ" ಅಂತ ಎದುರಿಗೆ ಕೂತರು. ಅರ್ಧ ಗಂಟೆ ಬಾರಿಸಿದೆ. ಅವರು ನೋಡುತ್ತಿದ್ದದ್ದು ನನ್ನ ಎಡಗೈ ಹೆಬ್ಬೆರಳನ್ನು, ಅದು ನೆಕ್‌ನ ಹಿಂದೆ ಎಲ್ಲಿ ನಿಲ್ಲುತ್ತದೆ ಅಂತ. ಬಲಗೈ ತೋಳು ಹೊಟ್ಟೆಯ ಅಂಚಿಗೆ ತಗಲಿ ಕೆಂಪಾಗುವ ಜಾಗವನ್ನೂ ನೋಡಿದರು. ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ದೊಡ್ಡ ಹೊಟ್ಟೆಯ ಡ್ರೆಡ್‌ನಾಟ್ ಬೇಡ, ಸೊಂಟ ಸಣ್ಣಗಿರುವ ಚಿಕ್ಕ ಮೈ. ನಟ್ ಅಗಲ 44 ಮಿಮೀ. ತಂತಿಯ ಉದ್ದ ಮಾಮೂಲಿ 645 ಅಲ್ಲ, 632 ಮಿಮೀ. ತಂತಿ ಗಿಡ್ಡ ಆದರೆ ಅದೇ ಶ್ರುತಿಗೆ ಕಡಿಮೆ ಬಿಗಿ ಸಾಕು. ಲೆಕ್ಕ ಹಾಕಿದರೆ ಸುಮಾರು ನೂರಕ್ಕೆ ನಾಲ್ಕು ಭಾಗ ಕಡಿಮೆ. ಕೈಗೆ ಅದು ನಾಲ್ಕಕ್ಕಿಂತ ಜಾಸ್ತಿಯೇ ಗೊತ್ತಾಗುತ್ತದೆ.

ಮರದ ಮಾತು ಬಂದಾಗ ನನ್ನದೊಂದು ಆಸೆ ಹೇಳಿದೆ. ಸಾಗರದ ಹತ್ತಿರ ಅಜ್ಜಿಯ ಮನೆ ಕೆಡವಿದಾಗ ಬೀಟೆ ಮರದ ಮಂಚವೊಂದು ನಮ್ಮ ಪಾಲಿಗೆ ಬಂದಿತ್ತು. ಕಾಲುಗಳು ಹುಳ ತಿಂದು ಹೋಗಿದ್ದವು. ಉದ್ದದ ಎರಡು ಅಡ್ಡಪಟ್ಟಿ, ತಲೆದಿಸೆಯ ಒಂದು ಹಲಗೆ ಗಟ್ಟಿಯಾಗಿದ್ದವು. ಅದರಲ್ಲೇ ಗಿಟಾರಿನ ಬೆನ್ನು ಮಾಡಬಹುದಾ ಅಂತ.

ಬೀಟೆಗೂ ಗಿಟಾರಿಗೂ ಇರುವ ನಂಟು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ. ಅಮೆರಿಕದ ಮಾರ್ಟಿನ್ ಕಂಪನಿ ಮೊದಲು ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿತ್ತು. ಅದು ಸಿಗುವುದು ಕಷ್ಟವಾದಾಗ 1969ರಲ್ಲಿ ಭಾರತದ ರೋಸ್‌ವುಡ್‌ಗೆ ಬದಲಾಯಿಸಿತು. ಭಾರತದ ರೋಸ್‌ವುಡ್ ಅಂದರೆ ನಮ್ಮ ಪಶ್ಚಿಮ ಘಟ್ಟದ ಬೀಟೆಯೇ. ಮೈಸೂರಿನ ಕೆತ್ತನೆ ಕೆಲಸದ ಪೆಟ್ಟಿಗೆ, ಪಟಗಳಿಗೆ ಬಳಸುವ ಅದೇ ಕಪ್ಪುಗೆಂಪು ಮರ. ಅಲ್ಲಿಂದ ಮುಂದೆ ಪ್ರಪಂಚದಲ್ಲಿ ಮಾಡಿದ ಎಷ್ಟೋ ಒಳ್ಳೆಯ ಗಿಟಾರುಗಳ ಬೆನ್ನು, ಪಕ್ಕ ಇದೇ ಮರದ್ದು. ಮಲೆನಾಡಿನಲ್ಲಿ ಹುಟ್ಟಿದ ನನಗೆ ಈ ವಿಷಯ ಗೊತ್ತಾದಾಗ ನಿಜವಾಗಿಯೂ ಎದೆ ತುಂಬಿತ್ತು. 2017ರ ಜನವರಿಯಿಂದ ಈ ಜಾತಿಯ ಮರಗಳಿಗೆಲ್ಲ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಸೈಟಿಸ್ (ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ದೇಶಗಳ ಒಪ್ಪಂದ) ಪರವಾನಗಿ ಬೇಕಾಯಿತು. ಸಣ್ಣ ತಯಾರಕರಿಗೆ ಆಗ ಬಹಳ ಕಷ್ಟವಾಯಿತು. 2019ರ ನವೆಂಬರ್‌ನಿಂದ ಪೂರ್ತಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಮೇಸ್ತ್ರಿ ಹಲಗೆಯನ್ನು ಬೆಳಕಿಗೆ ಹಿಡಿದು ತುದಿ ನೋಡಿದರು. ಬೇಡ ಅಂದರು. ಮರದ ದಿಮ್ಮಿಯನ್ನು ಹೇಗೆ ಸೀಳಿದ್ದಾರೆ ಅನ್ನುವುದು ಹಲಗೆಯ ತುದಿಯಲ್ಲಿ ಕಾಣುತ್ತದೆ. ವರ್ಷದ ಉಂಗುರಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಂತಿದ್ದರೆ ಆ ಹಲಗೆ ಹವೆಗೆ ಕಡಿಮೆ ಹಿಗ್ಗುತ್ತದೆ, ಕಡಿಮೆ ಕುಗ್ಗುತ್ತದೆ. ಉಂಗುರಗಳು ಬಿಲ್ಲಿನ ಹಾಗೆ ಮಲಗಿದ್ದರೆ ಹಲಗೆ ಡೊಂಕಾಗುತ್ತದೆ. ಅಜ್ಜಿಯ ಮಂಚದ ಹಲಗೆಯಲ್ಲಿ ಬಿಲ್ಲು. ಜೊತೆಗೆ ಮೊಳೆಯ ತೂತು. ಎರಡು ಚಿಲ್ಲರೆ ಮಿಲಿಮೀಟರ್ ದಪ್ಪಕ್ಕೆ ಕೀಸಿದರೆ ಅದು ಸೀಳು ಬಿಡುವುದು ಖಂಡಿತ. ನನ್ನ ಮುಖ ನೋಡಿ ಅಡ್ಡಪಟ್ಟಿ ಕೈಗೆತ್ತಿಕೊಂಡರು. ಅದರಲ್ಲಿ ಎಳೆ ಹಗ್ಗದ ಹಾಗೆ ನೇರವಾಗಿತ್ತು. "ಇದ್ರಲ್ಲಿ ಫಿಂಗರ್‌ಬೋರ್ಡ್ ಬರುತ್ತೆ. ಬ್ರಿಡ್ಜೂ ಬರುತ್ತೆ. ನಿಮ್ಮ ಬೆರಳು ಓಡಾಡೋದು ಅಜ್ಜಿ ಮಂಚದ ಮೇಲೇ ಅಲ್ವಾ, ಸಾಕಲ್ಲ?"

ಸಾಕು ಅಂದೆ. ಬೆನ್ನು, ಪಕ್ಕಗಳಿಗೆ ಅವರ ಹತ್ತಿರವೇ ಹತ್ತು ವರ್ಷದಿಂದ ಒಣಗುತ್ತಿದ್ದ ಬೀಟೆ ಇತ್ತು. ಮುಂದಿನ ಹಲಗೆಗೆ ಹೊರದೇಶದಿಂದ ತರಿಸಿದ ಸಿಟ್ಕಾ ಸ್ಪ್ರೂಸ್. ಅದು ನಮ್ಮಲ್ಲಿ ಬೆಳೆಯುವ ಮರವಲ್ಲ. ಹಗುರ, ಆದರೆ ಎಳೆಯ ದಿಕ್ಕಿನಲ್ಲಿ ಬಲು ಗಟ್ಟಿ. ಆರು ತಂತಿಗಳು ಸೇರಿ 70 ಕೆಜಿಗೂ ಹೆಚ್ಚು ಬಲದಿಂದ ಎಳೆಯುತ್ತವೆ. ಅಷ್ಟನ್ನೂ ತಡೆಯಬೇಕಾದದ್ದು ಮೂರು ಮಿಲಿಮೀಟರ್ ಕೂಡ ಇಲ್ಲದ ಹಲಗೆ, ಒಳಗಿನಿಂದ ಅಂಟಿಸಿದ ಕೆಲವು ಕಡ್ಡಿಗಳು. ಕಡ್ಡಿ ದಪ್ಪ ಬಿಟ್ಟರೆ ಗಿಟಾರ್ ಮೂಕ. ತೀರ ಕೆರೆದು ತೆಳ್ಳಗೆ ಮಾಡಿದರೆ ಕೆಲವು ವರ್ಷಕ್ಕೆ ಹೊಟ್ಟೆ ಉಬ್ಬಿ ಬ್ರಿಡ್ಜ್ ಕಿತ್ತು ಬರುತ್ತದೆ.

ಜುಲೈನಲ್ಲಿ ಹೋದಾಗ ಕೆಲಸ ನಿಂತಿತ್ತು. ನನಗೆ ಎದೆ ಧಸಕ್ಕೆಂದಿತು. ಹಿಂದಿನ ಅನುಭವ ಹಾಗಿತ್ತಲ್ಲ. ಅವರು ಗೋಡೆಯ ಮೇಲಿನ ಮೀಟರ್ ತೋರಿಸಿದರು. ಗಾಳಿಯ ತೇವ ನೂರಕ್ಕೆ 78. ಹೊರಗೆ ಜಿಟಿಜಿಟಿ ಮಳೆ. ಈ ಹವೆಯಲ್ಲಿ ಮುಂದಿನ ಹಲಗೆಗೆ ಕಡ್ಡಿ ಅಂಟಿಸಿದರೆ, ಮರ ನೀರು ಕುಡಿದು ಹಿಗ್ಗಿದ ಸ್ಥಿತಿಯಲ್ಲೇ ಗಿಟಾರ್ ಹುಟ್ಟುತ್ತದೆ. ಬೇಸಿಗೆಯಲ್ಲಿ ಹಲಗೆ ಕುಗ್ಗಲು ನೋಡುತ್ತದೆ, ಕಡ್ಡಿಗಳು ಬಿಡುವುದಿಲ್ಲ, ಆಗ ಬಿರುಕು. ಒಳಕೋಣೆಯಲ್ಲಿ ತೇವ ಹೀರುವ ಯಂತ್ರ ಇತ್ತು. ಅದು ಕೆಟ್ಟು ರಿಪೇರಿಗೆ ಹೋಗಿತ್ತು. ತೇವ 45ರ ಹತ್ತಿರ ಬರುವವರೆಗೆ ಅಂಟು ಮುಟ್ಟುವುದಿಲ್ಲ ಅಂದರು. ಐದು ವಾರ ಹೀಗೇ ಹೋಯಿತು. ಈಗ ಯಾರಾದರೂ ಸಣ್ಣ ತಯಾರಕರ ಹತ್ತಿರ ಹೋಗುವುದಾದರೆ ನಾನು ಮೊದಲು ನೋಡಿ ಅನ್ನುವುದು ಗೋಡೆಯ ಮೇಲೆ ತೇವದ ಮೀಟರ್ ಇದೆಯಾ ಅಂತ.

ಪಕ್ಕಗಳನ್ನು ಬಗ್ಗಿಸುವುದನ್ನು ನಾನು ಕೂತು ನೋಡಿದೆ. ಒಳಗೆ ಬಿಸಿ ಮಾಡಿದ ಕಬ್ಬಿಣದ ಕೊಳವೆ. ಒದ್ದೆ ಮಾಡಿದ ಬೀಟೆಯ ಪಟ್ಟಿಯನ್ನು ಅದಕ್ಕೆ ಒತ್ತಿ, ಎರಡೂ ಕೈಯಲ್ಲಿ ತೂಗಿದ ಹಾಗೆ ಆಚೆ ಈಚೆ ಆಡಿಸುತ್ತಾರೆ. ಹಬೆ ಏಳುತ್ತದೆ, ಶೆಡ್ಡೆಲ್ಲ ಸಿಹಿ ಸಿಹಿ ವಾಸನೆ. ಮೊದಲು ಮರ ಒಪ್ಪುವುದಿಲ್ಲ. ಒಂದು ಹಂತದಲ್ಲಿ ಇದ್ದಕ್ಕಿದ್ದ ಹಾಗೆ ಚರ್ಮದ ಬೆಲ್ಟ್ ತರ ಮೆತ್ತಗಾಗುತ್ತದೆ. ಅವರು ಆಗ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಆದರೆ ನಾನು ಜಾಸ್ತಿ ಹೊತ್ತು ಕೂತದ್ದು ಫ್ರೆಟ್ ಗೀರುವ ದಿನ. ಅಮ್ಮನೂ ಬಂದಿದ್ದರು. ಲೆಕ್ಕ ಸುಲಭ. ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ನಟ್‌ನಿಂದ ಮೊದಲನೇ ಫ್ರೆಟ್ ಎಷ್ಟು ದೂರ ಅಂತ ಬರುತ್ತದೆ. ನನ್ನ 632ಕ್ಕೆ ಅದು 35.47 ಮಿಮೀ. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸಿದರೆ ಎರಡನೆಯದು. ಹೀಗೇ ಹೋದರೆ 12ನೆಯದು ಸರಿಯಾಗಿ ಅರ್ಧಕ್ಕೆ, 316ಕ್ಕೆ ಬಂದು ಕೂರುತ್ತದೆ. ಕಷ್ಟ ಇರುವುದು ಗರಗಸ ಇಡುವಾಗ. ಅವರ ಹತ್ತಿರ ಉಕ್ಕಿನ ಅಳತೆಪಟ್ಟಿಯೊಂದಿದೆ, ಪ್ರತಿ ಫ್ರೆಟ್ಟಿನ ಜಾಗದಲ್ಲಿ ಕಚ್ಚು ಹಾಕಿದ್ದು. ಪಟ್ಟಿಯ ಕಚ್ಚು ಗೂಟಕ್ಕೆ ಸಿಕ್ಕಿದಾಗ ಗರಗಸ ಬೇರೆ ಕಡೆ ಇಳಿಯುವುದು ಸಾಧ್ಯವೇ ಇಲ್ಲ. ನನ್ನ ಮೊದಲ ಗಿಟಾರ್ ಮಾಡಿದವರು ಬ್ರಿಡ್ಜ್ ಇಡುವಾಗ ಇಂಥದ್ದೊಂದು ಗೂಟ ಇಟ್ಟುಕೊಂಡಿದ್ದರೆ ನಾಲ್ಕು ಮಿಲಿಮೀಟರ್ ತಪ್ಪುತ್ತಿರಲಿಲ್ಲ.

ಅಮ್ಮ ಬಹಳ ಹೊತ್ತು ಸುಮ್ನೆ ನೋಡುತ್ತಿದ್ದರು. "ಒಂದ್ಸಲ ಗೀರಿದ ಮೇಲೆ ಮುಗೀತಾ? ಸರಿಸೋಕೆ ಆಗಲ್ವಾ?" ಅಂತ ಕೇಳಿದರು. ಅವರ ವೀಣೆಯಲ್ಲಿ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಮೇಳ ಕಟ್ಟುವವರು ಮೇಣ ಬಿಸಿ ಮಾಡಿ, ಕಿವಿಯಿಂದ ಕೇಳುತ್ತಾ, ಒಂದೊಂದನ್ನೇ ಜರುಗಿಸಿ ಕೂರಿಸುತ್ತಾರೆ. ವರ್ಷಗಳು ಕಳೆದಾಗ ಮೇಣ ಕುಸಿಯುತ್ತದೆ, ಮತ್ತೆ ಕಟ್ಟಿಸಬೇಕು. "ಇದ್ರಲ್ಲಿ ಆಗಲ್ಲಮ್ಮ" ಅಂದರು ಮೇಸ್ತ್ರಿ. "ನಿಮ್ಮದ್ರಲ್ಲಿ ತಪ್ಪಿದ್ರೆ ಮೇಣ ಕಾಯಿಸಿದ್ರಾಯ್ತು. ಇಲ್ಲಿ ತಪ್ಪಿದ್ರೆ ಹಲಗೆ ಒಲೆಗೆ." ಅಮ್ಮ ಆಮೇಲೆ ಒಂದು ಗಂಟೆ ಮಾತಾಡಲಿಲ್ಲ, ಮೇಸ್ತ್ರಿಯ ಕೈ ಅಲುಗಬಾರದು ಅಂತ.

ನೆಕ್ ಕೆತ್ತುವಾಗ ಮೂರು ಸಲ ಕರೆಸಿದರು. ಒಂದು ಸಲ ಹಿಡಿದು ನೋಡು, ಮನೆಗೆ ಹೋಗು. ಮುಂದಿನ ವಾರ ಮತ್ತೆ ಹಿಡಿದು ನೋಡು. ಕಣ್ಣು ಮುಚ್ಚಿ ಹಿಡಿಯಲು ಹೇಳುತ್ತಿದ್ದರು. ಎರಡನೇ ಸಲ ನಾನು ಐದನೇ ಫ್ರೆಟ್ ಹತ್ತಿರ ಏನೋ ತುಂಬಿಕೊಂಡ ಹಾಗಿದೆ ಅಂದೆ. ಅಳತೆ ಮಾಡಿದರೆ ಅಲ್ಲಿ ಅರ್ಧ ಮಿಲಿಮೀಟರ್ ದಪ್ಪ ಇತ್ತು. ಅಂಗೈಗೆ ಅಷ್ಟೂ ಗೊತ್ತಾಗುತ್ತದೆ ಅನ್ನುವುದು ನನಗೂ ಹೊಸದು. ಅರದಲ್ಲಿ ನಾಲ್ಕು ಸಲ ಉಜ್ಜಿ, ಸ್ಯಾಂಡ್‌ಪೇಪರ್ ಸವರಿ ಕೊಟ್ಟರು. ಕೈ ಜಾರಿಕೊಂಡು ಹೋಯಿತು. ಸಣ್ಣ ತಯಾರಕರ ಹತ್ತಿರ ಹೋಗುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇದೇ. ಫ್ರೆಟ್ ಗೀರುವುದರಲ್ಲಿ ಇವತ್ತಿನ ಫ್ಯಾಕ್ಟರಿಯ ಕಂಪ್ಯೂಟರ್ ಯಂತ್ರಗಳು ತಪ್ಪುವುದು ಅಪರೂಪ, ಅಗ್ಗದ ಗಿಟಾರಿನಲ್ಲೂ ಶ್ರುತಿ ಬಹುಮಟ್ಟಿಗೆ ಸರಿಯಿರುತ್ತದೆ. ಆದರೆ ನನ್ನ ಅಂಗೈಗೆ ತಕ್ಕ ಹಾಗೆ ಅಲ್ಲಿ ನೆಕ್ ಯಾರೂ ಕೆತ್ತುವುದಿಲ್ಲ.

ಮೈಗೆ ಅರಗಿನ ಪಾಲಿಶ್ ಹಾಕಿದರು. ಹತ್ತಿಯ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಸುತ್ತು ಸುತ್ತು ಉಜ್ಜುತ್ತಾ ಹೋಗುವುದು. ತುಂಬ ತೆಳ್ಳನೆ ಪದರ, ಮರದ ದನಿಯನ್ನು ಕಟ್ಟಿಹಾಕುವುದಿಲ್ಲ. ಬೆವರು ತಗಲಿದರೆ ಬೇಗ ಮಂಕಾಗುತ್ತದೆ ಅಂತ ಮೊದಲೇ ಎಚ್ಚರಿಸಿದ್ದರು. ನಾನು ಒಪ್ಪಿದ್ದೆ.

2024ರ ಫೆಬ್ರವರಿಯ ಮೊದಲ ವಾರ ತಂತಿ ಕಟ್ಟಿದರು. ನಾನು ಕೈಗೆ ತೆಗೆದುಕೊಂಡೆ. ದನಿ ಹೇಗಿತ್ತು ಅಂತ ಬರೆಯಲು ಕೂತರೆ ಸುಮ್ನೆ ವಿಶೇಷಣಗಳು ಸಾಲುಗಟ್ಟುತ್ತವೆ. ದಪ್ಪ ತಂತಿ ಮೀಟಿದರೆ ಎದೆಮೂಳೆಯಲ್ಲಿ ಅದುರುತ್ತಿತ್ತು, ಇಷ್ಟು ಹೇಳಿದರೆ ಸಾಕು. ಎಫ್ ಹಿಡಿದೆ, ನೋವಿಲ್ಲ. ಅಮ್ಮ ಪಕ್ಕದಲ್ಲಿ ಕೂತು 12ನೇ ಫ್ರೆಟ್ಟಿನ ಸ್ವರ ಕೇಳಿ ತಲೆಯಾಡಿಸಿದರು.

ಆದರೆ ಎರಡನೇ ತಂತಿಯಲ್ಲಿ ಎಂಟನೇ ಫ್ರೆಟ್ ಒತ್ತಿದಾಗ ಸಣ್ಣಗೆ ಝರ್ ಅಂದಿತು. ಏಳರಲ್ಲಿ ಇಲ್ಲ, ಒಂಬತ್ತರಲ್ಲಿ ಇಲ್ಲ. ಹೇಳಲೋ ಬೇಡವೋ ಅಂತ ಒದ್ದಾಡಿದೆ. ಹನ್ನೊಂದು ತಿಂಗಳು ದುಡಿದವರ ಎದುರು ಮೊದಲ ಹತ್ತು ನಿಮಿಷಕ್ಕೇ ತಪ್ಪು ತೆಗೆಯುವುದು ಹೇಗೆ? ಮತ್ತೆ ಅದೇ ಫ್ರೆಟ್ ಒತ್ತಿದೆ. ಅವರೇ ಬಗ್ಗಿ ಕಿವಿಗೊಟ್ಟರು. "ಒಂಬತ್ತನೇದು ಎದ್ದಿದೆ" ಅಂದರು. ಮೂರು ಫ್ರೆಟ್ ಮೇಲೆ ಕೂರುವಷ್ಟು ಉದ್ದದ ಉಕ್ಕಿನ ತುಂಡೊಂದನ್ನು ಎಂಟು, ಒಂಬತ್ತು, ಹತ್ತರ ಮೇಲೆ ಇಟ್ಟರು. ಅದು ಕುಂಟು ಸ್ಟೂಲಿನ ಹಾಗೆ ಟಕ್ ಟಕ್ ಅಂದಿತು. ನಡುವಿನದು ಎತ್ತರ ಇದ್ದರೆ ಮಾತ್ರ ಹಾಗೆ ಅಲುಗುತ್ತದೆ. ಫ್ರೆಟ್ಟಿನ ತಂತಿ ಗೀರಿನೊಳಗೆ ಒಂದು ಕಡೆ ಪೂರ್ತಿ ಇಳಿದಿರಲಿಲ್ಲ. ಒಂದು ಹನಿ ಅಂಟು ಬಿಟ್ಟು, ಅದುಮಿ ಹಿಡಿದು, ಒಣಗಿದ ಮೇಲೆ ಅರ ಹಾಕಿ ಸಮ ಮಾಡಿದರು. ಮತ್ತೆ ತಲೆ ದುಂಡಗೆ ಮಾಡಿ ಹೊಳಪು ಕೊಟ್ಟರು. ಒಂದೂವರೆ ಗಂಟೆ ಹಿಡಿಯಿತು. ಈ ಸಲ ತುಂಡು ಅಲುಗಲಿಲ್ಲ. "ಹೇಳಿದ್ದು ಒಳ್ಳೇದಾಯ್ತು ಮೇಡಂ. ಮನೆಗೆ ಹೋಗಿ ಹೇಳಿದ್ರೆ ನನಗೆ ನಿದ್ದೆ ಬರ್ತಿರ್ಲಿಲ್ಲ."

ಹೊರಡುವಾಗ ಉಳಿದ ಅಳತೆಗಳನ್ನು ನನ್ನ ಎದುರೇ ಮಾಡಿ ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ಬರೆದುಕೊಟ್ಟರು. 12ನೇ ಫ್ರೆಟ್ ಮೇಲೆ ದಪ್ಪ ತಂತಿ 2.2 ಮಿಮೀ, ತೆಳ್ಳನೆಯದು 1.7. ಇದಕ್ಕೆ ಆ್ಯಕ್ಷನ್ ಅನ್ನುತ್ತಾರೆ. ನೆಕ್‌ನ ಬಾಗು 0.2. ತೇವ 46. ಉದ್ದದ ನೇರಪಟ್ಟಿಯನ್ನು ಫ್ರೆಟ್ಟುಗಳ ಮೇಲೆ ಮಲಗಿಸಿ, ಅದರ ತುದಿ ಬ್ರಿಡ್ಜ್‌ನ ನೆತ್ತಿಗೆ ಸರಿಯಾಗಿ ಮುಟ್ಟುವುದನ್ನೂ ತೋರಿಸಿದರು. ಅದು ಬ್ರಿಡ್ಜ್‌ಗಿಂತ ಕೆಳಗೆ ಹೋಗಿ ಎಡವಿದರೆ ನೆಕ್‌ನ ಕೋನವೇ ತಪ್ಪಿದೆ ಅಂತ ಅರ್ಥ. ಆ ತಪ್ಪನ್ನು ಸ್ಯಾಡಲ್ ಕೆರೆದು ಸರಿ ಮಾಡೋಕೆ ಆಗುವುದಿಲ್ಲ, ನೆಕ್ ಬಿಚ್ಚಿ ಕೂರಿಸಬೇಕು. ಯಾವ ಗಿಟಾರ್ ಕೊಳ್ಳುವಾಗಲೂ ನಾನೀಗ ಸ್ನೇಹಿತರ ಜೊತೆ ಒಂದು ನೇರಪಟ್ಟಿ ತೆಗೆದುಕೊಂಡೇ ಅಂಗಡಿಗೆ ಹೋಗುತ್ತೇನೆ.

ಆ ವರ್ಷದ ಬೇಸಿಗೆ ಬೆಂಗಳೂರಿನವರಿಗೆ ನೆನಪಿರುತ್ತದೆ. ಟ್ಯಾಂಕರ್ ನೀರಿಗೆ ಪರದಾಟ, ಮಳೆಯೇ ಇಲ್ಲದ ಏಪ್ರಿಲ್. ನಮ್ಮನೆ ಮೀಟರ್ ಮಧ್ಯಾಹ್ನ 28 ತೋರಿಸುತ್ತಿತ್ತು. ಗಿಟಾರನ್ನು ಪೆಟ್ಟಿಗೆಯಲ್ಲೇ ಇಟ್ಟು, ರಂಧ್ರ ಕೊರೆದ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಡುತ್ತಿದ್ದೆ. ಆದರೂ ತಂತಿಗಳು ಕೆಳಗಿಳಿದವು. ಮುಂದಿನ ಹಲಗೆಗೆ ಮಾಡುವಾಗಲೇ ಸ್ವಲ್ಪ ಉಬ್ಬು ಕೊಟ್ಟಿರುತ್ತಾರೆ. ಒಣಗಿದಾಗ ಆ ಉಬ್ಬು ಕುಸಿದು ಬ್ರಿಡ್ಜ್ ಕೆಳಗೆ ಹೋಗುತ್ತದೆ. ಅಳೆದೆ, ದಪ್ಪ ತಂತಿ 1.8. ಜೋರಾಗಿ ಮೀಟಿದರೆ ಅಲ್ಲಲ್ಲಿ ಝರ್. ಫ್ರೆಟ್ಟುಗಳ ತುದಿ ಕೂಡ ಅಂಚಿನಲ್ಲಿ ಚುಚ್ಚುತ್ತಿತ್ತು. ಮರ ಅಗಲದಲ್ಲಿ ಕುಗ್ಗಿದೆ, ಲೋಹ ಕುಗ್ಗುವುದಿಲ್ಲ.

ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದರು. "ತಗೊಂಡ್ಬನ್ನಿ" ಅಂದರು. ಆ ಮಾತು ಕೇಳಿ ನನಗೆ ಎಷ್ಟು ಸಮಾಧಾನವಾಯಿತು ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ. ಫ್ರೆಟ್ಟುಗಳ ತುದಿಗೆ ಅರ ಸವರಿದರು. ಟ್ರಸ್ ರಾಡ್ ತಿರುಗಿಸೋಣ ಅಂತ ನಾನಂದೆ. ನೆಕ್‌ನ ಒಳಗೆ ಇರುವ ಆ ಸಲಾಕೆ ನೆಕ್‌ನ ಬಾಗನ್ನು ಸರಿ ಮಾಡುವುದಕ್ಕೆ ಮಾತ್ರ, ತಂತಿ ಎತ್ತರಕ್ಕಲ್ಲ ಅಂತ ತಡೆದರು. ನೆಕ್ ಅಳೆದರೆ ಅದೇ 0.2, ಅಲುಗಿರಲಿಲ್ಲ. ಅಲುಗಿದ್ದು ಹೊಟ್ಟೆ. ಮೂಳೆಯ ಹೊಸ ತುಂಡೊಂದನ್ನು ತೆಗೆದು ಎತ್ತರದ ಸ್ಯಾಡಲ್ ಮಾಡಿದರು. ಸ್ಯಾಡಲ್ ಎಷ್ಟು ಎತ್ತರಿಸಿದರೂ 12ನೇ ಫ್ರೆಟ್ ಮೇಲೆ ಅದರ ಅರ್ಧ ಮಾತ್ರ ಕಾಣುತ್ತದೆ. ಹಾಗಾಗಿ 0.4 ಏರಬೇಕಾದರೆ 0.8 ಎತ್ತರ ಬೇಕು. ತಂತಿ ಮತ್ತೆ 2.2ಕ್ಕೆ ಬಂತು. ದುಡ್ಡು ತೆಗೆದುಕೊಳ್ಳಲಿಲ್ಲ.

ಹಳೆಯ ಸ್ಯಾಡಲನ್ನು ಎಸೆಯಲಿಲ್ಲ. ಅದರ ಕೆಳಬದಿಯಲ್ಲಿ ಪೆನ್ಸಿಲ್‌ನಿಂದ "ಮಳೆ" ಅಂತ ಬರೆದರು. ಹೊಸದನ್ನು ಕೂರಿಸುವ ಮುಂಚೆ ಅದರ ಕೆಳಗೆ "ಬೇಸಿಗೆ" ಅಂತ ಬರೆದಿದ್ದರು. ಸಣ್ಣ ಬಟ್ಟೆಚೀಲದಲ್ಲಿ ಮಳೆಯದನ್ನು ಹಾಕಿ ಪೆಟ್ಟಿಗೆಯ ಮೂಲೆಯಲ್ಲಿಟ್ಟರು. "ಜೂನ್‌ನಲ್ಲಿ ತಂತಿ ಮೇಲೆ ಬಂತು ಅನ್ನಿಸಿದ್ರೆ ನೀವೇ ಬದಲಾಯಿಸ್ಕೊಳ್ಳಿ. ಎಲ್ಲಾ ತಂತಿ ಒಟ್ಟಿಗೆ ಪೂರ್ತಿ ಬಿಚ್ಬೇಡಿ, ಸಡಿಲ ಮಾಡಿದ್ರೆ ಸಾಕು."

ಜೂನ್ ಮೂರನೇ ವಾರ ಮೀಟರ್ 72ಕ್ಕೆ ಏರಿತ್ತು. ಎಫ್ ಹಿಡಿದಾಗ ಹೆಬ್ಬೆರಳಿನ ಬುಡ ಸ್ವಲ್ಪ ಬಿಗಿಯಿತು. ಅಳೆದೆ, 2.6. ತಂತಿಗಳನ್ನು ಸಡಿಲ ಮಾಡಿ, ಬೇಸಿಗೆಯನ್ನು ಎಳೆದು ತೆಗೆದು ಮಳೆಯನ್ನು ಕೂರಿಸಿದೆ. ಗೀರಿನಲ್ಲಿ ಅದು ಅಲುಗದೆ, ತುರುಕಬೇಕಾಗಿಯೂ ಬರದೆ ಇಳಿಯಿತು. ಶ್ರುತಿ ಮಾಡಿ ಮತ್ತೆ ಅಳೆದೆ. 2.2. ಅವರು ಬರೆದುಕೊಟ್ಟ ಹಾಳೆಯಲ್ಲಿ ಅವರ ಅಕ್ಷರದ ಕೆಳಗೆ ತಾರೀಖು, ತೇವ, ಅಳತೆ ಬರೆದಿಟ್ಟೆ.